ಕ್ರಾಕೋವಿಗೆ ಹೊರಟ ತಾಯಿ, ಪುಣೆಯಲ್ಲುಳಿದ ತಂದೆ

ಗಂಡನಿಂದ ದೂರವಿದ್ದು ಒಂಬತ್ತು ವರ್ಷದ ಮಗಳನ್ನು ಸಾಕುತ್ತಿದ್ದ ಪುಣೆಯ ಮಹಿಳೆಯೊಬ್ಬರಿಗೆ ಅವರ ಕಂಪನಿ ಪೋಲೆಂಡಿನ ಕ್ರಾಕೋವಿನಲ್ಲಿ ಒಳ್ಳೆಯ ಅವಕಾಶ ಕೊಟ್ಟಿತು. ಮಗಳನ್ನೂ ಕರೆದೊಯ್ಯಲು ಪುಣೆಯ ಕೌಟುಂಬಿಕ ನ್ಯಾಯಾಲಯ ಒಪ್ಪಲಿಲ್ಲ. ಇದು ತನ್ನಿಂದ ಮಗಳನ್ನು ಬೇರ್ಪಡಿಸುವ ಹುನ್ನಾರ, ಸಾಲದ್ದಕ್ಕೆ ಪಕ್ಕದ ಉಕ್ರೇನಿನಲ್ಲಿ ಯುದ್ಧ ಎಂದರು ತಂದೆ. 2022ರ ಜುಲೈಯಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಭಾರತಿ ಡಾಂಗ್ರೆ ತಾಯಿಗೆ ಅನುಮತಿ ಕೊಟ್ಟರು. ರಜೆಯಲ್ಲಿ ಮಗುವನ್ನು ಭಾರತಕ್ಕೆ ಕರೆತಂದು ತಂದೆಗೆ ಭೇಟಿ ಮಾಡಿಸಬೇಕು, ಉಳಿದಂತೆ ವಿಡಿಯೊ ಕರೆ ಇರಬೇಕು ಎಂದರು.

ತೀರ್ಪು ಸರಿಯಾದದ್ದೇ. ಮಗು ತನ್ನ ಬಳಿಯಿಲ್ಲದ ಅಪ್ಪ ಪುಣೆಯ ಹಿಂಜವಡಿಯಿಂದ ನ್ಯೂಜೆರ್ಸಿಗೆ ಹೋಗುವುದಾದರೆ ಯಾವ ಕೋರ್ಟೂ ತಡೆದು ಕೇಳುವುದಿಲ್ಲ. ದಿನಾ ಟಿಫಿನ್ ಡಬ್ಬಿ ಕಟ್ಟಿಕೊಡುವವಳು ಮಾತ್ರ ಆನ್‌ಸೈಟಿಗೆ ಹೋಗಲು ಅರ್ಜಿ ಹಾಕಿಕೊಂಡು ಕಾಯಬೇಕು. ಮಗುವಿನ ಹಿತ, ತಾಯಿಯ ನೌಕರಿ ಎರಡನ್ನೂ ಒಟ್ಟಿಗೆ ತೂಗಿದ್ದು ಈ ಆದೇಶದ ದೊಡ್ಡತನ.

ಆದರೆ ನಮ್ಮ ನ್ಯಾಯಾಲಯಗಳಿಗೆ ವಿಡಿಯೊ ಕರೆಯ ಮೇಲಿರುವ ಭರವಸೆಯನ್ನು ನಾನು ಒಪ್ಪಲಾರೆ. ಮಗು ಜೊತೆಗಿಲ್ಲದ ಪಾಲಕರಿಗೆ ದಿನವೂ 5–10 ನಿಮಿಷ ಮಾತಾಡುವ ಹಕ್ಕಿರಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಆಶಯವೇನೋ ಒಳ್ಳೆಯದು. ಚಳಿಗಾಲದಲ್ಲಿ ಪೋಲೆಂಡ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಗು ಶಾಲೆಯಿಂದ 4ಕ್ಕೆ ಮನೆಗೆ ಬಂದರೆ ಇಲ್ಲಿ ರಾತ್ರಿ ಎಂಟೂವರೆ. ಅಪ್ಪ ಇನ್ನೂ ಆಫೀಸಿನ ಕ್ಯಾಬಿನಲ್ಲಿರಬಹುದು. ‘ಊಟ ಆಯ್ತಾ?’ ‘ಹೂಂ.’ ‘ಸ್ಕೂಲ್ ಹೇಗಿತ್ತು?’ ‘ಚೆನ್ನಾಗಿತ್ತು.’ ಆಮೇಲೆ ಮಗುವಿನ ಕಣ್ಣು ಬೇರೆಲ್ಲೋ. ಹೋಮ್‌ವರ್ಕ್ ಮಾಡಿಸುತ್ತ, ಸೈಕಲ್ಲಿಗೆ ಗಾಳಿ ಹಾಕುತ್ತ ಆಗುವ ಮಾತು ಗಡಿಯಾರ ನೋಡಿಕೊಂಡು ಮಾಡುವ ಕರೆಯಲ್ಲಿ ಹುಟ್ಟುವುದಿಲ್ಲ. ಹೀಗಾಗಿ ರಜೆಯ ಭೇಟಿಯೇ ಮುಖ್ಯ. ಟಿಕೆಟ್ಟಿನ ದುಡ್ಡು ಯಾರದು, ಬಂದ ಮಗು ಎಷ್ಟು ದಿನ ಅಪ್ಪನ ಮನೆಯಲ್ಲಿ ಮಲಗಬೇಕು ಎಂಬ ಕಿರಿಕಿರಿಯ ವಿವರಗಳನ್ನು ಇಂಥ ಆದೇಶಗಳು ಬಿಡಿಸಿ ಬರೆಯಬೇಕು. ಅಜ್ಜಿ–ತಾತನ ಪಾಲೂ ಅದರಲ್ಲಿರಲಿ.

ತಂದೆಯ ಅಂಜಿಕೆಯೂ ಪೂರ್ತಿ ಟೊಳ್ಳಲ್ಲ. ಗಡಿ ದಾಟಿಸಿದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಪೋಲೆಂಡ್ ಸೇರಿದೆ, ಭಾರತ ಸೇರಿಲ್ಲ; ಹಾಗಾಗಿ ಮಗು ಮರಳದಿದ್ದರೆ ಆ ಒಪ್ಪಂದ ತಂದೆಯ ನೆರವಿಗೆ ಬಾರದು. ಇನ್ನು ಎರಡು ವರ್ಷಕ್ಕೆಂದು ಹೊರಟ ಐಟಿ ಪ್ರಾಜೆಕ್ಟು ನಾಲ್ಕಕ್ಕೆ ಎಳೆಯುವುದು ಹೊಸದೇನಲ್ಲ. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬೇಕೆನ್ನುತ್ತದೆ 1890ರ ಪೋಷಕರ ಕಾಯ್ದೆಯ 9ನೇ ಕಲಂ. ಪ್ರಾಜೆಕ್ಟು ಮುಂದಕ್ಕೆ ಹೋದಂತೆ ಆ ಊರು ಪುಣೆಯೋ ಕ್ರಾಕೋವೋ ಎಂಬ ಜಗಳ ಹೊಸದಾಗಿ ಶುರುವಾಗುತ್ತದೆ; ಅನುಮತಿ ಕೊಡುವ ದಿನವೇ ಆ ಊರು ಯಾವುದೆಂದು ಬರೆದಿಟ್ಟರೆ ಆ ಜಗಳಕ್ಕೆ ಜಾಗವಿರುವುದಿಲ್ಲ.