ಅಡ್ಡ ಬಾಣದ ರಸಾಯನಶಾಸ್ತ್ರ

ಹೈಸ್ಕೂಲಿನಲ್ಲಿ ಪರಮಾಣು-ಅಣುಗಳ ಪಾಠ ಬಂತೆಂದರೆ ಕರಿಹಲಗೆಯ ಮೇಲೆ ಬಾಣಗಳ ಹಾರಾಟ ಶುರು. ಎಡಗಡೆ ಮೆಗ್ನೀಸಿಯಂ, ಅದರ ಕೆಳಗೆ ವೇಲೆನ್ಸಿ 2. ಬಲಗಡೆ ಕ್ಲೋರಿನ್, ಕೆಳಗೆ 1. ಎರಡು ಬಾಣಗಳು ಒಂದನ್ನೊಂದು ಹಾಯುತ್ತವೆ, ಅಂಕಿಗಳು ಜಾಗ ಬದಲಿಸುತ್ತವೆ, ಮೆಗ್ನೀಸಿಯಂ ಕ್ಲೋರೈಡಿನ ಸೂತ್ರ ಸಿದ್ಧ. ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ‘ಲೆಕ್ಕ’ ಎಂದು ಬೇಕೆಂದೇ ಬರೆದೆ. ಮಕ್ಕಳು ಅದನ್ನು ತಿಳಿಯುವುದೂ ಹಾಗೆಯೇ.

ಕ್ರಿಸ್‌ಕ್ರಾಸ್ ಎಂಬ ಈ ವಿಧಾನದಲ್ಲಿ ಹುರುಳಿಲ್ಲವೆಂದಲ್ಲ. ವೇಲೆನ್ಸಿಯ ಪಟ್ಟಿಯೊಂದು ಬಾಯಿಗೆ ಬಂದರೆ ನೂರಾರು ಸಂಯುಕ್ತಗಳ ಸೂತ್ರ ಕೈಗೆ ಸಿಗುತ್ತದೆ. ಆವರಣದ ಬೆಲೆಯನ್ನೂ ಅದು ಚೆನ್ನಾಗಿ ಕಲಿಸುತ್ತದೆ: ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬರೆಯುವಾಗ ಓಎಚ್ ಗುಂಪಿಗೆ ಆವರಣ ಹಾಕದೆ 2 ಇಟ್ಟರೆ ಹೈಡ್ರೋಜನ್ ಮಾತ್ರ ಎರಡಾಗಿ ಆಕ್ಸಿಜನ್ ಒಂದೇ ಉಳಿದುಬಿಡುತ್ತದೆ. ಬಾಣಗಳ ಹಿಂದೆ ಒಂದು ನಿಜವೂ ಇದೆ. ಧನ ಅಯಾನುಗಳ ಆವೇಶವೂ ಋಣ ಅಯಾನುಗಳ ಆವೇಶವೂ ಸರಿಸಮವಾಗಬೇಕು. ಆದರೆ ತರಗತಿಯಲ್ಲಿ ಬಾಣ ಉಳಿಯುತ್ತದೆ, ಆವೇಶದ ಮಾತು ಹಾರಿಹೋಗುತ್ತದೆ.

ಪೆಟ್ಟು ಬೀಳುವುದು ಎರಡನೇ ಹೆಜ್ಜೆಯಲ್ಲಿ. ಕ್ಯಾಲ್ಸಿಯಂ ಆಕ್ಸೈಡಿಗೆ ಬಾಣ ಹಾಯಿಸಿದರೆ ಬರುವುದು ಎರಡು ಕ್ಯಾಲ್ಸಿಯಂ, ಎರಡು ಆಕ್ಸಿಜನ್. ‘ಎರಡರಿಂದ ಭಾಗಿಸಿ’ ಎನ್ನುತ್ತಾರೆ ಮೇಷ್ಟ್ರು. ಯಾಕೆ ಭಾಗಿಸಬೇಕು? ಸುಣ್ಣದ ಹರಳಿನಲ್ಲಿ ಬಿಡಿ ಅಣುಗಳೇ ಇಲ್ಲ. ಸಾಲುಸಾಲಾಗಿ ನಿಂತ ಅಯಾನುಗಳ ಅನುಪಾತವನ್ನಷ್ಟೇ ಅಲ್ಲಿ ಬರೆಯುವುದು. ಆ ವಿವರಣೆ ಸಿಗದ ಹುಡುಗಿ, ಭಾಗಿಸುವುದನ್ನು ಎಲ್ಲದಕ್ಕೂ ಹೊಂದುವ ನಿಯಮವೆಂದುಕೊಳ್ಳುತ್ತಾಳೆ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಎರಡು ಹೈಡ್ರೋಜನ್, ಎರಡು ಆಕ್ಸಿಜನ್. ಅಲ್ಲಿ ಭಾಗಿಸಿದರೆ ಪದಾರ್ಥವೇ ಕೆಡುತ್ತದೆ. ಬಾಣಗಳಿಂದ ಹೊರಟರಂತೂ ಪೆರಾಕ್ಸೈಡ್ ಹುಟ್ಟುವುದೇ ಇಲ್ಲ, ಎಷ್ಟು ಸಲ ಹಾಯಿಸಿದರೂ ನೀರೇ ಬರುತ್ತದೆ. ಪಾದರಸದ ಕ್ಲೋರೈಡುಗಳು ಇನ್ನೂ ತುಂಟ. ಒಂದು ಕಾಲದಲ್ಲಿ ವೈದ್ಯರು ಭೇದಿಗೆ ಕೊಡುತ್ತಿದ್ದ ಕ್ಯಾಲೊಮೆಲ್‌ನಲ್ಲಿ ಪಾದರಸದ ವೇಲೆನ್ಸಿ ಒಂದು ಎಂದು ಪಟ್ಟಿ ಹೇಳುತ್ತದೆ. ಆದರೆ ಅಲ್ಲಿ ಎರಡು ಪಾದರಸಗಳು ಪರಸ್ಪರ ಅಂಟಿಕೊಂಡು ಎರಡು ಕ್ಲೋರಿನ್‌ಗಳ ಜೊತೆ ಇರುತ್ತವೆ. ಬಾಣಕ್ಕೆ ಈ ಅಂಟು ಕಾಣುವುದಿಲ್ಲ.

ಚೊಕ್ಕ ನಿಯಮವೊಂದು ಸೂತ್ರಗಳನ್ನು ದಾರಿ ತಪ್ಪಿಸಿದ್ದು ಇದೇ ಮೊದಲಲ್ಲ. ಎರಡು ಧಾತುಗಳ ನಡುವೆ ಒಂದೇ ಸಂಯುಕ್ತ ಗೊತ್ತಿದ್ದರೆ ಅದರಲ್ಲಿ ಒಂದಕ್ಕೊಂದು ಪರಮಾಣು ಇರುತ್ತದೆಂದು ಡಾಲ್ಟನ್ ಊಹಿಸಿದ. 1808ರ ಅವನ ಪುಸ್ತಕದಲ್ಲಿ ನೀರೆಂದರೆ ಒಂದು ಹೈಡ್ರೋಜನ್, ಒಂದು ಆಕ್ಸಿಜನ್. ಮುಂದೆ ಅರ್ಧ ಶತಮಾನ ಗೊಂದಲವೋ ಗೊಂದಲ. ಕೆಕುಲೆ ತನ್ನ 1861ರ ಪಠ್ಯದಲ್ಲಿ ಅಸೆಟಿಕ್ ಆಮ್ಲವೊಂದಕ್ಕೇ ಚಾಲ್ತಿಯಲ್ಲಿದ್ದ 19 ಸೂತ್ರಗಳನ್ನು ಪಟ್ಟಿ ಮಾಡಿದ್ದಾನೆ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಜ್ಞರು ಸೇರಿದ್ದೂ ಈ ಗೋಜಲು ಬಿಡಿಸಲೆಂದೇ. ಅವೊಗಾಡ್ರೊನ ಹಳೆಯ ಊಹೆಯನ್ನು ಹಿಡಿದು ದಾರಿ ತೋರಿದವನು ಇಟಲಿಯ ಕನಿಝಾರೊ. ತೂಕ, ಅನಿಲಗಳ ಗಾತ್ರ, ಆವಿಯ ಸಾಂದ್ರತೆ ಇವನ್ನೆಲ್ಲ ಅಳೆದು ಸೂತ್ರಗಳು ನಿಂತವು. ವೇಲೆನ್ಸಿಯ ಪಟ್ಟಿ ಗಟ್ಟಿಯಾದದ್ದು ಆ ಸೂತ್ರಗಳನ್ನು ನೋಡಿ. ನಮ್ಮ ತರಗತಿ ಈ ಕ್ರಮವನ್ನು ತಲೆಕೆಳಗು ಮಾಡಿದೆ.

ಹಾಗಾದರೆ ಒಂಬತ್ತನೇ ತರಗತಿಯಲ್ಲಿ ಆವಿಯ ಸಾಂದ್ರತೆ ಅಳೆಯಬೇಕೇ ಎಂದು ಕೇಳಬಹುದು. ಬೇಡ. ಅಡಿಕೆ ಊರುಗಳಲ್ಲಿ ಮೈಲುತುತ್ತಕ್ಕೆ ಬರವಿಲ್ಲ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದಿಟ್ಟಿರುತ್ತಾರೆ. ಹತ್ತು ಗ್ರಾಂ ನೀಲಿ ಪುಡಿಯನ್ನು ಪಿಂಗಾಣಿ ಬಟ್ಟಲಲ್ಲಿ ಹದವಾಗಿ ಕಾಯಿಸಿದರೆ ಹಬೆಯೇಳುತ್ತದೆ, ಅಂಚಿನಿಂದ ನೀಲಿ ಮಾಸುತ್ತಾ ಕೊನೆಗೆ ಬೂದುಬಿಳುಪು ಪುಡಿ ಉಳಿಯುತ್ತದೆ. ತೂಗಿದರೆ ಸುಮಾರು 6.4 ಗ್ರಾಂ. ಹೋದ 3.6 ಗ್ರಾಂ ನೀರನ್ನು 18ರಿಂದಲೂ, ಉಳಿದ ಕಾಪರ್ ಸಲ್ಫೇಟನ್ನು 159.5ರಿಂದಲೂ ಭಾಗಿಸಿ ಹೋಲಿಸಿದರೆ ಒಂದಕ್ಕೆ ಐದು. ಮೈಲುತುತ್ತದ ಸೂತ್ರದ ಬಾಲದಲ್ಲಿ ಚುಕ್ಕಿ ಇಟ್ಟು ಬರೆಯುವ ‘ಐದು ನೀರು’ ಬಂದದ್ದು ಹೀಗೆ. ಯಾವ ಬಾಣವೂ ಈ ಐದನ್ನು ಕೊಡಲಾರದು. ತಕ್ಕಡಿ, ಬರ್ನರ್, ಒಂದು ಪೀರಿಯಡ್ ಇದ್ದರೆ ಸಾಕು.

ಹೆಸರಿಡುವ ವಿಷಯಕ್ಕೆ ಬಂದರೆ ನನ್ನ ತಕರಾರು ಕಡಿಮೆ. 1787ರಲ್ಲಿ ಗೀಟನ್ ದ ಮೊರ್ವೊ, ಲವಾಸಿಯೇ, ಬೆರ್ತೊಲೆ, ಫೂರ್‌ಕ್ರ್ವಾ ನಾಲ್ವರೂ ಸೇರಿ ಪ್ಯಾರಿಸ್‌ನಲ್ಲಿ ಹೊರತಂದ ಪುಸ್ತಕ, ‘ವಿಟ್ರಿಯೋಲಿನ ಎಣ್ಣೆ’, ‘ಸತುವಿನ ಹೂವು’ ಥರದ ಹೆಸರುಗಳನ್ನು ಗುಡಿಸಿ, ಹೆಸರಿನಲ್ಲೇ ಘಟಕಗಳನ್ನು ಹೇಳುವ ಕ್ರಮ ತಂದಿತು. ಸಲ್ಫೇಟ್, ಸಲ್ಫೈಟ್‌ಗಳ ತುದಿ ನೋಡಿ ಆಕ್ಸಿಜನ್ ಹೆಚ್ಚೋ ಕಡಿಮೆಯೋ ತಿಳಿಯುವ ಜಾಣತನ ಅಲ್ಲಿಂದಲೇ ಬಂದದ್ದು. ಅದರ ದೋಷವೆಂದರೆ ಸಿದ್ಧಾಂತವನ್ನೂ ಹೆಸರಿನೊಳಗೆ ತುರುಕಿದ್ದು. ಆಮ್ಲವೆಂದ ಮೇಲೆ ಆಕ್ಸಿಜನ್ ಇರಲೇಬೇಕೆಂಬ ನಂಬಿಕೆಯಿಂದ ಅವರು ಕ್ಲೋರಿನ್ ಅನಿಲವನ್ನೂ ಒಂದು ಆಕ್ಸಿಜನ್ ಸಂಯುಕ್ತವೆಂದೇ ಹೆಸರಿಸಿದರು. 1810ರಲ್ಲಿ ಡೇವಿ ಅದು ಧಾತುವೆಂದು ಸಾಧಿಸಿದಾಗ ಆ ಹೆಸರು ಸತ್ತಿತು, ಪದ್ಧತಿ ಬದುಕಿತು.

ಫೆರಸ್-ಫೆರಿಕ್ ಜೋಡಿಯದ್ದು ಬೇರೆ ಕೊರತೆ. ‘ಅಸ್’ ಅಂದರೆ ಕಡಿಮೆ, ‘ಇಕ್’ ಅಂದರೆ ಹೆಚ್ಚು. ಎಷ್ಟು ಎಂಬುದು ಹೆಸರಿನಲ್ಲಿಲ್ಲ. ಕಬ್ಬಿಣಕ್ಕೆ 2 ಮತ್ತು 3, ತಾಮ್ರಕ್ಕೆ 1 ಮತ್ತು 2 ಎಂದು ಉರು ಹೊಡೆಯಬೇಕು. 1919ರಲ್ಲಿ ಆಲ್ಫ್ರೆಡ್ ಸ್ಟಾಕ್ ಅಂಕಿಯನ್ನೇ ಹೆಸರಿಗೆ ಸೇರಿಸಿದ್ದು ಇದಕ್ಕೆ ಸರಿಯಾದ ಮದ್ದು. (ಪಾದರಸದ ಉಪಕರಣಗಳ ನಡುವೆ ಕೆಲಸ ಮಾಡಿ, ಅದರ ಆವಿಯಿಂದ ತಾನೇ ನರಳಿ, 1926ರಲ್ಲಿ ಆ ಅಪಾಯವನ್ನು ಸಾರಿದವನೂ ಇವನೇ.) ಆದರೂ ರಕ್ತಹೀನತೆಯ ಮಾತ್ರೆಯ ಮೇಲೆ ಫೆರಸ್ ಸಲ್ಫೇಟ್ ಎಂದೇ ಇದೆ. ಇರಲಿ, ಯಾರಿಗೂ ಕೇಡಿಲ್ಲ.

ಕೇಡಿರುವುದು ಗೊಬ್ಬರದ ಚೀಲದಲ್ಲಿ. ಪೊಟ್ಯಾಷ್ ಚೀಲದ ಮೇಲೆ 60 ಪ್ರತಿಶತ ‘ಕೆ ಟೂ ಓ’, ಅಂದರೆ ಪೊಟ್ಯಾಷಿಯಂ ಆಕ್ಸೈಡಿನ ಲೆಕ್ಕ. ಒಳಗಿರುವುದು ಪೊಟ್ಯಾಷಿಯಂ ಕ್ಲೋರೈಡ್. ಅದರಲ್ಲಿ ಆಕ್ಸಿಜನ್ ಸೊನ್ನೆ. ಖನಿಜವನ್ನೋ ಬೂದಿಯನ್ನೋ ಪರೀಕ್ಷಿಸಿ ಫಲಿತಾಂಶವನ್ನು ಆಕ್ಸೈಡಿನ ಲೆಕ್ಕದಲ್ಲಿ ಬರೆಯುತ್ತಿದ್ದ 19ನೇ ಶತಮಾನದ ರೂಢಿ ಇಂದಿಗೂ ಚೀಲದ ಮೇಲೆ ಕೂತಿದೆ. ನಿಜವಾದ ಪೊಟ್ಯಾಷಿಯಂ ಸುಮಾರು 50 ಪ್ರತಿಶತ. ಡಿಎಪಿ ಗೊಬ್ಬರದ 18:46ರಲ್ಲಿ ಆ 46 ಕೂಡ ರಂಜಕದ ಆಕ್ಸೈಡಿನದು, ಬರೀ ರಂಜಕ ಸುಮಾರು 20. ಅದೇ ಚೀಲದ 18 ಮಾತ್ರ ಅಪ್ಪಟ ಸಾರಜನಕ. ಹೀಗೆ ಒಂದೇ ಸಾಲಿನ ಎರಡು ಅಂಕಿಗಳಿಗೆ ಎರಡು ಅಳತೆಗೋಲು. ಸಾರಜನಕಕ್ಕಿಂತ ರಂಜಕ ಎರಡೂವರೆ ಪಟ್ಟು ಇದೆಯೆಂದು ರೈತ ಓದಿಕೊಂಡರೆ ತಪ್ಪು ಅವನದಲ್ಲ. ಆಸ್ಟ್ರೇಲಿಯಾದಲ್ಲಿ ಧಾತುವಿನ ಲೆಕ್ಕದಲ್ಲೇ ಅಚ್ಚು ಹಾಕುತ್ತಾರೆ. ಇಲ್ಲಿ ಒಮ್ಮೆಲೇ 46ನ್ನು 20 ಮಾಡಿದರೆ ಸೊಸೈಟಿ ಗೋದಾಮಿನ ಮುಂದೆ ಗಲಾಟೆ ಖಂಡಿತ. ಅದಕ್ಕೆ ಕೆಲವು ವರ್ಷ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಛಾಪಿಸಲಿ.