ಸವಾಯಿ ಗಂಧರ್ವರ ರಂಗಋಣ

ಕುಂದಗೋಳದ ರಾಮಭಾವು ಅವರನ್ನು ಕುರಿತು ಬರೆಯುವವರಲ್ಲಿ ಹಲವರು ಅವರ ನಾಟಕದ ವರ್ಷಗಳನ್ನು ಎರಡೇ ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ದೊಡ್ಡ ಗಾಯಕರೊಬ್ಬರು ಕೆಲಕಾಲ ದಾರಿ ಬಿಟ್ಟು ನಡೆದು ಮತ್ತೆ ದಾರಿಗೆ ಬಂದರೆಂಬ ಧ್ವನಿ ಆ ವಾಕ್ಯಗಳಲ್ಲಿರುತ್ತದೆ. ಈ ತೀರ್ಪು ನನಗೆ ಒಪ್ಪಿಗೆಯಾಗಿಲ್ಲ.

1886ರಲ್ಲಿ ಹುಟ್ಟಿದ ರಾಮಭಾವು ಅವರ ತಂದೆ ಕುಂದಗೋಳದ ನಾಡಗೀರ ಮನೆತನದಲ್ಲಿ ಗುಮಾಸ್ತರಾಗಿದ್ದವರು. ಊರು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹುಡುಗನಿಗೆ ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರಂಥ ಗುರು ದೊರೆತರು. ವರ್ಷಗಟ್ಟಲೆ ಸ್ವರಸಾಧನೆ ನಡೆಯಿತು. ಅಂಥ ಶಿಷ್ಯ ಮರಾಠಿ ನಾಟಕ ಮಂಡಳಿಯನ್ನು ಸೇರಿ, ಸೀರೆಯುಟ್ಟು ಸುಭದ್ರೆಯಾಗಿ ರಂಗಕ್ಕೆ ಬಂದದ್ದು ಗುರುವಿಗೆ ಹಿಡಿಸಲಿಲ್ಲ. ಖಾನಸಾಹೇಬರ ಅಸಮಾಧಾನವನ್ನೇ ನಮ್ಮ ವಿಮರ್ಶಕರು ಇಂದಿಗೂ ಹೊತ್ತು ತಿರುಗುತ್ತಿದ್ದಾರೆಂದು ತೋರುತ್ತದೆ.

ಆದರೆ ರಂಗ ಅವರಿಗೆ ಏನು ಕೊಟ್ಟಿತೆಂಬುದನ್ನು ಯೋಚಿಸಬೇಡವೆ? ಬೈಠಕ್ಕಿನಲ್ಲಿ ಎದುರಿಗೆ ಕುಳಿತವರು ಬಲ್ಲವರು. ರಾಗ ಮೆಲ್ಲಗೆ ಬಿಚ್ಚಿಕೊಳ್ಳುವವರೆಗೆ ಕಾಯಬಲ್ಲವರು. ನಾಟಕದ ಮನೆಯಲ್ಲಿ ಹಾಗಲ್ಲ. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕೊನೆಯ ಸಾಲಿನ ಚಾಪೆಯವನಿಗೂ ಮಾತು ಮುಟ್ಟಬೇಕು. ಪಾತ್ರದ ಅಳಲು ಹಾಡಿನ ಮೊದಲ ಎಳೆಯಲ್ಲಿಯೇ ಕೇಳಿಸಬೇಕು. ರಾಮಭಾವು ಅವರ ಕಂಠವಾದರೋ ಹುಟ್ಟು ಮಾಧುರ್ಯದ್ದಲ್ಲ, ದುಡಿದು ಪಳಗಿಸಿದ್ದು. ಉಳಿದುಬಂದಿರುವ ಅವರ ಹಳೆಯ ತಟ್ಟೆಗಳನ್ನು ಕೇಳಿರಿ. ಒಂದೊಂದು ಮಗ್ಗುಲಿಗೆ ಮೂರೇ ನಿಮಿಷದ ಅವಕಾಶ. ಅಷ್ಟರಲ್ಲಿಯೇ ಅವರ ಭೈರವಿ ಠುಮರಿ ಕರೆಯುತ್ತದೆ, ಕಾಯುತ್ತದೆ, ಸೋಲುತ್ತದೆ. ಸ್ವರದ ಶುದ್ಧಿ ಖಾನಸಾಹೇಬರ ಕೊಡುಗೆ. ಶಬ್ದವನ್ನು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬ ಹದ ಮಾತ್ರ ರಂಗದ್ದೆಂದೇ ನನ್ನ ಕಿವಿ ಹೇಳುತ್ತದೆ.

ಅವರ ಶಿಷ್ಯರನ್ನು ನೋಡಿದರೂ ಇದೇ ಅನಿಸಿಕೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡ ಗಂಗೂಬಾಯಿ ಹಾನಗಲ್ಲರು ಖ್ಯಾಲನ್ನೇ ನೆಚ್ಚಿದರು. ಫಿರೋಜ್ ದಸ್ತೂರರು ಎಳೆವಯಸ್ಸಿನಲ್ಲಿ ಚಿತ್ರನಟರಾಗಿದ್ದವರು. ಭೀಮಸೇನ ಜೋಶಿಯವರು ಖ್ಯಾಲಿನೊಡನೆ ಅಭಂಗವನ್ನೂ ದಾಸರ ಪದವನ್ನೂ ಜನಸಾಗರದ ಮುಂದೆ ಹಾಡಿದರು. ಇಷ್ಟು ಭಿನ್ನ ಸ್ವಭಾವದವರನ್ನು ಒಂದೇ ಅಚ್ಚಿಗೆ ಹೊಯ್ಯದೆ ಬೆಳೆಸಿದ ಗುರುವಿನ ಹಿಂದೆ, ಬಗೆಬಗೆಯ ಪಾತ್ರ ಹೊಕ್ಕು ಬಂದ ನಟನೊಬ್ಬ ಇದ್ದನೆಂಬುದನ್ನು ಮರೆಯಬಾರದು.

ವಿಷಾದವೊಂದು ನನಗೂ ಇದೆ, ಆದರೆ ಅದು ಬೇರೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಈ ನಟ ಹೆಸರು ಗಳಿಸಿದ್ದು ಮರಾಠಿ ರಂಗದಲ್ಲಿ. ಅವರು ಸುಭದ್ರೆಯಾದ ‘ಸೌಭದ್ರ’ವನ್ನು 1882ರಲ್ಲಿ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರೂ ನಮ್ಮ ಗುರ್ಲಹೊಸೂರಿನಲ್ಲಿ ಹುಟ್ಟಿದವರೇ. ಕವಿಯೂ ಈ ಸೀಮೆಯವನು, ನಟನೂ ಈ ಸೀಮೆಯವನು. ನಾಟಕ ಮಾತ್ರ ನಮ್ಮ ಭಾಷೆಯದಲ್ಲ. ಕೊರಗುವುದಾದರೆ ಇದಕ್ಕಾಗಿ ಕೊರಗೋಣ. ಅವರು ಬಣ್ಣ ಹಚ್ಚಿದರೆಂದಲ್ಲ.

1940ರ ದಶಕದಲ್ಲಿ ಪಾರ್ಶ್ವವಾಯು ಅವರ ಹಾಡನ್ನು ನಿಲ್ಲಿಸಿತು. 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಅಲ್ಲಿ ಭೀಮಸೇನರು ಆರಂಭಿಸಿದ ಸಂಗೀತೋತ್ಸವ ಇಂದು ದೇಶಕ್ಕೆಲ್ಲ ಪರಿಚಿತ. ಕುಂದಗೋಳದ ನಾಡಗೀರ ವಾಡೆಯಲ್ಲಿಯೂ ಅವರ ಸ್ಮರಣೆಯಲ್ಲಿ ಅಹೋರಾತ್ರಿ ಹಾಡಿಕೆ ನಡೆದುಬಂದಿದೆ. ಎರಡೂ ಕಡೆ ಅವರನ್ನು ಕರೆಯುವುದು ‘ಸವಾಯಿ ಗಂಧರ್ವ’ರೆಂದು. ಸವಾಯಿಯೆಂದರೆ ಒಂದೂಕಾಲು. ಮರಾಠಿ ರಂಗದ ಬಾಲಗಂಧರ್ವರಿಗಿಂತ ಕಾಲು ಪಾಲು ಮಿಗಿಲೆಂದು, ಅಮರಾವತಿಯ ದಾದಾಸಾಹೇಬ ಖಾಪರ್ಡೆಯವರು ಕೊಟ್ಟ ಬಿರುದು ಅದು. ನಾಟಕವನ್ನು ನಾವು ಮರೆತೆವು. ನಾಟಕ ಕೊಟ್ಟ ಹೆಸರನ್ನು ಮಾತ್ರ ಉಳಿಸಿಕೊಂಡೆವು.