ಓಣಿಗೆ ಬಂದ ದೋಣಿ

'ಡೋಣಿ ಹರಿದರೆ ಓಣೆಲ್ಲ ಜೋಳ.' ವಿಜಯಪುರ ಜಿಲ್ಲೆಯ ಈ ಗಾದೆಯನ್ನು ಇಂಡಿ ತಾಲ್ಲೂಕಿನ ಶಾಲೆಯೊಂದರಲ್ಲಿ ಹೇಳಿ, 'ಏನು ಕಾಣಿಸಿತು?' ಎಂದು ಕೇಳಿದ್ದೆ. ಹೆಚ್ಚಿನ ಮಕ್ಕಳು, 'ಮಳೆಯಾದರೆ ಬೆಳೆ ಚೆನ್ನಾಗಿ ಬರುತ್ತದೆ' ಎಂದು ಅರ್ಥ ಒಪ್ಪಿಸಿದರು. ಒಬ್ಬ ಹುಡುಗ ಮಾತ್ರ ಕೇಳಿದ: 'ಮೇಡಂ, ಓಣ್ಯಾಗ ದೋಣಿ ಹ್ಯಾಂಗ ಬರತೈತ್ರಿ?' ತರಗತಿಯೆಲ್ಲ ನಕ್ಕಿತು. ಆದರೆ ಗಾದೆಯನ್ನು ಕಣ್ಣ ಮುಂದೆ ತಂದುಕೊಳ್ಳಲು ಹೊರಟವನು ಅವನೊಬ್ಬನೇ.

ಇಂಡಿ ಭೀಮೆಯ ಕಡೆಯ ಸೀಮೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಡೋಣಿ ಎಂದರೆ ಹೊಳೆಯೆಂದು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಯ ಹುಡುಗಿಯೊಬ್ಬಳು, 'ಮೊದಲ ನೀರು ಬರತಾವ್ರಿ, ಆಮ್ಯಾಲೆ ಬಂಡಿ' ಎಂದಳು. ಗಾದೆಯ ಜೀವ ಇರುವುದು ಆ 'ಆಮ್ಯಾಲೆ'ಯಲ್ಲಿ. ಹೊಳೆ ಹರಿದು ಎರೆಭೂಮಿ ನೆನೆಯಬೇಕು, ಹಿಂಗಾರಿಗೆ ಬಿತ್ತಬೇಕು, ಚಳಿ ಕಳೆಯುವ ಹೊತ್ತಿಗೆ ರಾಶಿಯಾಗಬೇಕು. 'ಹರಿದರೆ' ಮತ್ತು 'ಜೋಳ'ದ ನಡುವೆ ತಿಂಗಳುಗಳೇ ಇವೆ. ಅರ್ಥ ಹೇಳುವವರು ಅದನ್ನು ಹಾರಿಹೋಗುತ್ತಾರೆ; ಚಿತ್ರ ಕಟ್ಟುವವರು ಹಾರಲಾರರು.

ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಬೀಸುವಾಗ ತ್ರಿಪದಿ ಹಾಡುವವರು ಎರಡನೆಯ ಸಾಲಿನ ಭಾಗವನ್ನು ಮತ್ತೊಮ್ಮೆ ಹೇಳಿ ಮೂರನೆಯದಕ್ಕೆ ಹೋಗುತ್ತಾರೆ. ಅದು ಬರೀ ಧಾಟಿಯ ಅಗತ್ಯವಲ್ಲ, ಕಂಡದ್ದು ಮನಸ್ಸಿನಲ್ಲಿ ನೆಲೆಗೊಳ್ಳಲು ಸಿಗುವ ಬಿಡುವೂ ಹೌದು ಎನಿಸುತ್ತದೆ ನನಗೆ. ಅಚ್ಚಿನಲ್ಲಿ ಮೂರೇ ಸಾಲು. ಕಣ್ಣು ಒಂದೇ ಉಸಿರಿಗೆ ಓಡಿಬಿಡುತ್ತದೆ.

ಸಿಂದಗಿಯಲ್ಲಿ ತವರನ್ನು ನೆನೆಯುವ ತ್ರಿಪದಿಯೊಂದನ್ನು ಹಾಗೆಯೇ ಮರುಕಳಿಸಿ ಓದಿ, ಮೂರನೆಯ ಸಾಲಿನ ಮುಂದೆ ನಿಂತೆ. ಗಿರಣಿ ಬಿಟ್ಟರೆ ಬೀಸುವ ಕಲ್ಲನ್ನೇ ಕಾಣದ ಹುಡುಗಿ ಕೇಳಿದಳು: 'ಆಕಿ ಒಬ್ಬಾಕಿನ ಬೀಸಾಕತ್ತಾಳೇನ್ರಿ?'

ನನ್ನ ಬಳಿ ಉತ್ತರವಿರಲಿಲ್ಲ. ಪ್ರಬಂಧದ ಕರಡಿನಲ್ಲಿ ಆ ಪದದ ಮುಂದೆ 'ತವರಿನ ಹಂಬಲ' ಎಂದು ಬರೆದು ಮುಂದೆ ಹೋಗಿದ್ದೆ. ಎದುರು ಕೂತು ಗೂಟಕ್ಕೆ ಕೈ ಕೊಡುವ ಇನ್ನೊಬ್ಬಳಿದ್ದರೆ ಅದು ಒಂಟಿ ಹಂಬಲವಲ್ಲ. ಕೇಳುವವಳಿಗೆ ಹೇಳಿದ ಮಾತು. ಆ ಇನ್ನೊಬ್ಬಳು ಅತ್ತೆಯೋ ನೆಗೆಣ್ಣಿಯೋ ಎಂಬುದರ ಮೇಲೆ ಹಾಡಿನ ದನಿಯೇ ಬದಲಾಗುತ್ತದೆ.

ಮಕ್ಕಳಿಗೆ ಚಿತ್ರ ಕಟ್ಟಲು ಕಲಿಸುವುದೆಂದರೆ ಅಲಂಕಾರ ಕಲಿಸುವುದಲ್ಲ, ಓದನ್ನೇ ಕಲಿಸುವುದು. ತಪ್ಪು ಚಿತ್ರವನ್ನು ತಿದ್ದಬೇಕು ನಿಜ. ದೋಣಿ ಕೊನೆಗೆ ಹೊಳೆಯಾಗಲೇಬೇಕು. ಆದರೆ ನಕ್ಕು ಅಳಿಸಿದರೆ ಆ ಹುಡುಗ ಮುಂದಿನ ಸಲ ಏನನ್ನೂ ಕಾಣುವುದಿಲ್ಲ. ಎಲ್ಲರಂತೆ ಅರ್ಥ ಹೇಳಿ ಕೂತುಬಿಡುತ್ತಾನೆ. ನಾನು ಹಾಗೆಯೇ ಕಲಿತವಳು. ಕರಡಿನ ಆ ಪುಟವನ್ನು ಈಗ ಮತ್ತೆ ಬರೆಯುತ್ತಿದ್ದೇನೆ.